ನಿಲ್ದಾಣದ ಪಕ್ಕದ ಹನ್ನೆರಡು ಮಹಡಿ

ಮನಿಲಾದ ಮೇಡಂ ಮನೆಯಲ್ಲಿ ಬಡಾವಣೆಯವರ ಸಭೆ. ಹೊಸ ರೈಲು ನಿಲ್ದಾಣದ ಪಕ್ಕ ಹನ್ನೆರಡು ಮಹಡಿಯ ಬಾಡಿಗೆ ಮನೆಗಳು ಬೇಡವೆಂಬ ಅರ್ಜಿಗೆ ಎಲ್ಲರೂ ಸಹಿ ಹಾಕುತ್ತಿದ್ದರು. ನಗರದಾಚೆಯ ಬುಲಕಾನ್‌ನಿಂದ ಮೂರು ತಾಸು ಬಸ್ಸಿನಲ್ಲಿ ನಿಂತೇ ಬಂದಿದ್ದ ಮನೆಗೆಲಸದ ನಾನು ಕಾಫಿ ಕೊಡುತ್ತಿದ್ದೆ.

"ಇವತ್ತೂ ಲೇಟು! ಇರ್ಲಿ ಲುಮಿಂಗ್, ನೀನೂ ಒಂದು ಸಹಿ ಹಾಕು, ಲೆಕ್ಕ ಹೆಚ್ಚಾಗತ್ತೆ," ಎಂದರು ಮೇಡಂ.

"ಆ ಮನೆಗಳು ಯಾಕೆ ಬೇಡ ಮೇಡಂ?"

"ಎಲ್ಲೆಲ್ಲಿಯವರೋ ಬಂದು ಸೇರ್ಕೋತಾರೆ ಕಣೇ. ಅಂಥವ್ರನ್ನ ನಂಬೋದು ಹೇಗೆ?"

ಸಭೆ ತಲೆದೂಗಿತು. ಪೆನ್ನು ಮುಟ್ಟಲಿಲ್ಲ. ಸೊಂಟದ ಚೀಲದಿಂದ ಮೇಡಂ ಮನೆಯ ಬೀಗದ ಕೈ ತೆಗೆದು ಅರ್ಜಿಯ ಮೇಲಿಟ್ಟೆ.

"ಅಲ್ಲಿ ಮನೆ ಬೇಕು ಅಂತ ಹೆಸರು ಬರೆಸಿರೋಳು ನಾನೇ. ಹನ್ನೊಂದು ವರ್ಷದಿಂದ ಇದು ನನ್ನ ಹತ್ರ ಇದೆ. ನಂಬಿಕೆ ಇಲ್ದಿದ್ರೆ ಎತ್ಕೊಳ್ಳಿ ಮೇಡಂ."