ಗಾಲಿಯೊಳಗಿನ ಔಡಲೆಣ್ಣೆ

ಮತ್ತೆ ಅದೇ ವಾಸನೆ, ಔಡಲೆಣ್ಣೆಯದು, ಬಿಸಿ ಕಬ್ಬಿಣದಿಂದ ಏಳುತ್ತಿದೆ — ಮೋಟಾರಿನ ಬ್ರೇಕಿಗೂ ಔಡಲೆಣ್ಣೆಗೂ ಏನು ನಂಟು ಮಾರಾಯ, ಎಂದುಕೊಳ್ಳುತ್ತ ಮನ್ಮಥಪ್ಪ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಂದಿನ ಗಾಲಿ ಬಿಚ್ಚುತ್ತಾನೆ, ಈಗಷ್ಟೇ ಔರಾದದ ಇಳಿಜಾರಿನಲ್ಲಿ ಎಷ್ಟು ಒತ್ತಿದರೂ ಗಾಡಿ ನಿಲ್ಲಲಿಲ್ಲ, ಜೋಳದ ಹೊಲಕ್ಕೆ ನುಗ್ಗಿಯೇ ನಿಂತಿತು, ಪುಣ್ಯ, ಒಬ್ಬನೇ ಇದ್ದ, ಮಗಳು ಕುಸುಮಾ ಕೂತಿದ್ದರೆ, ತುಂಬಿದ ಬಸುರಿ — ಶಿವಶಿವಾ, ಬೇಡ ಆ ಮಾತು, ಇವತ್ತೇ ಅವಳನ್ನು ಉದಗೀರದ ದವಾಖಾನೆ ಮುಟ್ಟಿಸಬೇಕು, ಜಾಗೀರದಾರ ಮಾರಿಹೋದ ಈ ಹಳೇ ಮೋಟಾರು ಕೊಂಡದ್ದೇ ಅದಕ್ಕೆ, ಮತ್ತೆ ಎತ್ತಿನ ಗಾಡಿ ಬೇಡ ಅಂತ. ಪೆಡಲು ಗಟ್ಟಿಯಿದೆ, ಸರಳು ಬಿಗಿಯಿದೆ, ಬ್ರೇಕಿನ ಹಳೇ ಪಟ್ಟಿ ಕಿತ್ತು ಹೊಸ ಪಟ್ಟಿ ಬಡಿದವನು ತಾನೇ, ನಿನ್ನೆ, ಊಟಕ್ಕೆ ಮಾತ್ರ ನಡುವೆ ಎದ್ದದ್ದು, ಬಂದವನೇ ನೋಡದೆ ಮುಚ್ಚಿದ್ದು — ಆ ಪಟ್ಟಿ ಉಜ್ಜಿ ಗಾಲಿ ನಿಲ್ಲಿಸುವ ಕಬ್ಬಿಣದ ಬಟ್ಟಲು ಕೈಗೆ ಬಂತು, ಒಳಗೆಲ್ಲ ಎಣ್ಣೆ, ತಳದಲ್ಲಿ ವಿಭೂತಿಯ ಮೂರು ಗೆರೆ, ನಡುವಿನದು ಮಾತ್ರ ಅರ್ಧಕ್ಕೆ ಮುರಿದಿದೆ. ಲಲಿತಾಬಾಯಿಯ ಬೆರಳು, ಹೆಂಡತಿಯ ಬೆರಳು, ಅದನ್ನು ಗುರುತಿಸಲು ಕಣ್ಣೇ ಬೇಡ, ಅವಳನ್ನು ಹೆರಿಗೆಗೆ ಒಯ್ದ ಆ ಎತ್ತಿನ ಗಾಡಿಯ ಕೀಲೆಣ್ಣೆ ಆರಿ ಇರುಸು ಒದರಿದ್ದು, ಒದರಿ ಒದರಿ ಹಳ್ಳದ ನಡುವೆ ಗಾಲಿ ಹಿಡಿದದ್ದು, ಬೇನೆ ತಿನ್ನುತ್ತಲೇ ಕೆಳಗಿಳಿದು ಗಾಲಿಗೆ ಕೈ ಕೊಟ್ಟಿದ್ದಳಲ್ಲ, ಆಗ ಜಜ್ಜಿದ ನಡುಬೆರಳು ಇವತ್ತಿಗೂ ನೆಟ್ಟಗಾಗಿಲ್ಲ, ಆ ಕೂಸು, ಚೊಚ್ಚಲು, ಅಳಲೇ ಇಲ್ಲ. ಆತೇನ್ರೀ ಗಾಡಿ, ಕುಸುಮಾ ಸೊಂಟ ಹಿಡಕೊಂಡ್ ಕುಂತಾಳ. ಬಾಗಿಲಲ್ಲಿ ಲಲಿತಾಬಾಯಿಯೇ. ಆತು, ಇನ್ನೊಂದು ಚಣ, ಅಂದ. ನೀವು ಉಣ್ಲಾಕ ಕುಂತಾಗ ಎಲ್ಲಾ ಗಾಲಿಗೂ ನಾನೇ ಎಣ್ಣಿ ಹಚ್ಚೀನ್ರೀ, ಕೀಲೆಣ್ಣಿ ಇಲ್ದ ಗಾಲಿ ಎಲ್ಲ್ಯಾರ ನಡದೀತೇನು, ಈ ಸಲ ಒದರಬಾರದು ನೋಡ್ರಿ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಶಾಣ್ಯಾಕಿ, ನನ್ನ ಶಾಣ್ಯಾಕಿ, ಇದು ಎತ್ತಿನ ಗಾಡಿಯಲ್ಲ, ಇಲ್ಲಿ ಎಣ್ಣೆ ಅಂದರೆ ಸಾವು — ನುಂಗಿದ. ಚೊಲೊ ಮಾಡ್ದಿ, ಅಂದ, ಒಳಗ ಹೋಗು, ಆಕಿಗಿ ಬಿಸಿನೀರು ಕೊಡು. ಅವಳು ನಕ್ಕು ಹೋದಳು, ಅಷ್ಟು ನಿಶ್ಚಿಂತೆಯ ನಗೆ, ಎಷ್ಟು ವರ್ಷವಾಯಿತು ನೋಡಿ. ಈಗ ಉಳಿದ ಜೋಡಿ ಪಟ್ಟಿ ಹಾಕಬೇಕು, ಗಾಲಿಗಾಲಿಯನ್ನೂ ಬಿಚ್ಚಿ ತೊಳೆಯಬೇಕು, ಹನಿ ಎಣ್ಣೆ ಉಳಿಯಬಾರದು, ಘಾಸಲೇಟಿನ, ಸೀಮೆಎಣ್ಣೆಯ ಬಟ್ಟೆ ಅಂಚು ಸುತ್ತಿತು, ತಳಕ್ಕೆ ಬಂತು, ನಿಂತಿತು, ಒರೆಸೋ ಮಾರಾಯ, ಒಳಗೆ ಮಗಳು ನರಳುತ್ತಿದ್ದಾಳೆ, ಒರೆಸು — ಮೊದಲು ಆ ವಿಭೂತಿ ಬೆರಳಿಗೆ ಒಂದಿಷ್ಟು ತೆಗೆದುಕೊಂಡು ಹಣೆಗೆ ಹಚ್ಚಿಕೊಂಡ, ಆಮೇಲೆ ಒರೆಸಿದ, ಗಟ್ಟಿಯಾಗಿ, ಮತ್ತೂ ಒರೆಸಿದ, ಕಬ್ಬಿಣ ಒಣಗಿ ಬೆಳ್ಳಗಾಯಿತು, ಆದರೂ ಅಲ್ಲೇ, ಬಟ್ಟೆ ಎತ್ತಿದಲ್ಲೆಲ್ಲ ಅಲ್ಲೇ, ಮೂರು ಗೆರೆ, ನಡುವಿನದು ಮುರಿದದ್ದು, ನಡುವಿನದು —