ಹೊಂಬಾಳಮ್ಮನ ಗೈರುಹಾಜರಿ

ಹಂದನಕೆರೆಯ ನಮ್ಮ ತೆಂಗು ಬೆಳೆಗಾರರ ಕಂಪನಿಗೆ ಐವರು ನಿರ್ದೇಶಕರು. ಕಂದಿಕೆರೆಯ ಬಸವರಾಜು ಎಂಬ ನಾನೂ ಅವರಲ್ಲಿ ಒಬ್ಬ. ಬಾಯಿ ಜೋರು ಅಂತ ನನಗೆ ಹೆಸರು, ಕೆಲಸ ಅಷ್ಟಕ್ಕಷ್ಟೆ. ಕೆಲಸ ಮಾಡುತ್ತಿದ್ದವರು ಹೊಂಬಾಳಮ್ಮ. ಮನೆಮನೆ ತಿರುಗಿ ಷೇರು ಕೂಡಿಸಿ ಕಂಪನಿ ಕಟ್ಟಿದವರೇ ಅವರು. ಒಂದೇ ಒಂದು ಸಭೆಯನ್ನೂ ತಪ್ಪಿಸಿದವರಲ್ಲ.

ಹೋದ ವರ್ಷ ಇಂದೋರಿನ ಸೇಠ್ ಒಬ್ಬರು, ಒಳಗಿನ ನೀರು ಪೂರ್ತಿ ಆರುವ ತನಕ ಕಾಯನ್ನು ಅಟ್ಟದ ಮೇಲಿಟ್ಟು ಮಾಡುವ ನಮ್ಮ ಉಂಡೆ ಕೊಬ್ಬರಿ ಕೊಳ್ಳಲು ಮುಂದೆ ಬಂದರು. ಕರಾರು ಕಾಗದದಲ್ಲಿ ಬೇಡ, ಬ್ಲಾಕ್‌ಚೈನಿನಲ್ಲಿರಲಿ ಅಂದರು. ತೂಕಕ್ಕೆ ಎರಡೂ ಕಡೆಯವರು ಒಪ್ಪಿದ ಕೂಡಲೇ ದುಡ್ಡು ತಾನಾಗಿ ಖಾತೆಗೆ ಬೀಳುವ ಏರ್ಪಾಡು. ಕಂಪನಿ ನಡೆಸುವವರು ಯಾರು, ಸಭೆಗೆ ಬಂದವರು ಯಾರು, ಯಾರು ಯಾವುದಕ್ಕೆ ಒಪ್ಪಿದರು, ಅದೆಲ್ಲವೂ ಅಲ್ಲೇ ದಾಖಲಾಗಬೇಕು. ತಿಪಟೂರಿನ ಧನ್ಯಶ್ರೀ ಎಂಬ ಹುಡುಗಿ ಇದನ್ನು ನಮ್ಮ ಫೋನುಗಳಿಗೆ ಹಾಕಿಕೊಟ್ಟಳು.

"ಒಂದೇ ಲೆಕ್ಕಾನ ನೂರು ಕಡೆ ಬರ್ದಿಟ್ಟಂಗೆ ಅಂಕಲ್. ಒಂದು ಕಡೆ ತಿದ್ದಿದ್ರೆ ಮಿಕ್ಕಿದ್ದೆಲ್ಲ ಸಾಕ್ಷಿ ಹೇಳ್ತವೆ" ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನೇ ಇಷ್ಟು ಖರ್ಚು ಮಾಡಿ ಕಂಡುಹಿಡಿದಿದ್ದಾರೆ ಅಂದುಕೊಂಡೆ.

ಆ ಕರಾರನ್ನು ನಮ್ಮಲ್ಲಿ ಪೂರ್ತಿ ಓದಿದವಳು ಹೊಂಬಾಳಮ್ಮನ ಸೊಸೆ ನಿರ್ಮಲಾ ಒಬ್ಬಳೇ. ಮಳೆಗಾಲದಲ್ಲಿ ತೇವದ ನೆಪಕ್ಕೆ ನಮ್ಮ ದುಡ್ಡಿನಲ್ಲಿ ಜಾಸ್ತಿ ಕಡಿತವಾಗುವ ಷರತ್ತೊಂದನ್ನು ಅವಳು ಪತ್ತೆ ಮಾಡಿದ್ದಳು. ಅಕ್ಷರ ಕೂಡಿಸಿ ಓದುವ ಹೊಂಬಾಳಮ್ಮನಿಗೆ ಆ ಲೆಕ್ಕ ಬಿಡಿಸಿ ಹೇಳಲು ಬಾರದು. ಆದರೆ ಸಭೆಯ ಮುಂದೆ ವಿಷಯ ಇಡಲು ನಿರ್ದೇಶಕರ ಕುರ್ಚಿ ಬೇಕು, ಕುರ್ಚಿ ಒಂದು ಮನೆಗೆ ಒಂದೇ. ಅವಳು ಗೋಡೆಗೆ ಒರಗಿ ನಿಂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ಅವಧಿ ಮುಗಿದೊಡನೆ ತಾವು ಬಿಟ್ಟು ಅವಳನ್ನು ಕೂರಿಸಬೇಕು ಅಂತ ಹೊಂಬಾಳಮ್ಮ ತೀರ್ಮಾನಿಸಿದ್ದರು. ಅತ್ತೆಯೊಬ್ಬಳು ತಾನಾಗಿ ಸೊಸೆಗೆ ಜಾಗ ಬಿಡುವುದನ್ನು ನಾನು ಕಂಡದ್ದು ಅದೇ ಮೊದಲು.

ಅವಧಿ ಮುಗಿಯುವ ದಿನ ಎಲ್ಲರ ಫೋನಿನಲ್ಲೂ ಎರಡು ಬಟನ್ ಬಂದವು. ಒಂದು ‘ಬರುತ್ತೇನೆ’, ಇನ್ನೊಂದು ‘ಹೋಗುತ್ತೇನೆ’. ಮುಂದಿನ ಮೂರು ವರ್ಷ ನಿರ್ದೇಶಕರಾಗಿ ಬರುತ್ತೀರೋ, ಬಿಟ್ಟು ಹೋಗುತ್ತೀರೋ ಅಂತ ಕೇಳುವುದು ಅದರ ಉದ್ದೇಶ. ಕನ್ನಡ ಮಾಡಿದ್ದು ಕಂಪ್ಯೂಟರು. ಹೊರಡುವಾಗ ‘ಹೋಗ್ತೀನಿ’ ಅಂದರೆ ಬೈಯುವ ತಾಯಿ ಅದಕ್ಕೆಲ್ಲಿದ್ದಾಳೆ? ಅದೇ ವಾರ ಹೊಂಬಾಳಮ್ಮನ ಗಂಡ ಈರಣ್ಣ ತುಮಕೂರಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದು ನಡುಮನೆಯಲ್ಲಿ ಮಲಗಿದ್ದರು. ಅವರ ಎದುರಿಗೆ ಕೂತು ಆ ಅಪಶಕುನದ ಮಾತಿನ ಮೇಲೆ ಬೆರಳಿಡಲು ಹೊಂಬಾಳಮ್ಮನಿಗೆ ಆಗಲಿಲ್ಲ. ಕಂಪನಿಗೆ ಒಂದು ನಮಸ್ಕಾರ ಹಾಕಿ, "ಬತ್ತೀನಪ್ಪಾ" ಅಂತ ಬಾಯಲ್ಲಿ ಹೇಳಿ, ಎಲ್ಲರೂ ಬೀಳ್ಕೊಳ್ಳುವ ಹಾಗೆಯೇ ಬೀಳ್ಕೊಂಡು, ‘ಬರುತ್ತೇನೆ’ ಒತ್ತಿಬಿಟ್ಟರು. ಇನ್ನು ಮೂರು ವರ್ಷ ಅವರೇ ನಿರ್ದೇಶಕಿ ಅಂತ ಬ್ಲಾಕ್‌ಚೈನ್ ಬರೆದುಕೊಂಡಿತು.

"ಇರ್ಲಿ ಬುಡಿ ಅತ್ತೆ, ಮೂರು ವರ್ಷ ತಾನೆ" ಅಂತ ನಿರ್ಮಲಾ ನಕ್ಕಳು. ಆ ನಗುವನ್ನು ನಂಬುವಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ.

ಧನ್ಯಶ್ರೀಗೆ ಫೋನ್ ಮಾಡಿದೆವು. "ಅಳ್ಸೋಕೆ ದಾರೀನೇ ಇಟ್ಟಿಲ್ಲ ಅಂಕಲ್. ಇಟ್ಟಿದ್ರೆ ಸೇಠ್ ನಂಬ್ತಿರ್ಲಿಲ್ಲ" ಅಂದಳು. ನಡುವೆ ಸ್ಥಾನ ತೆರವಾಗಲು ಇದ್ದದ್ದು ಮೂರೇ ಕಾರಣ: ಅವ್ಯವಹಾರ, ಮರಣ, ಸತತ ಮೂರು ಸಭೆಗೆ ಗೈರು. ರಾಜೀನಾಮೆ ಅನ್ನುವುದನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ಅವ್ಯವಹಾರ ಅಂದರೆ ಆ ಮನೆಗೇ ಕುರ್ಚಿ ತಪ್ಪುತ್ತದೆ. ಉಳಿದೆರಡರಲ್ಲಿ ಅದೇ ಮನೆಯ ಇನ್ನೊಬ್ಬ ಷೇರುದಾರರಿಗೆ ಸಿಗುತ್ತದೆ.

"ಅಂಗಾದ್ರೆ ಮರಣ ಅಂತ್ಲೇ ಹಾಕ್ರಿ" ಅಂದರು ಹೊಂಬಾಳಮ್ಮ. "ಮುತ್ತೈದೆಯಾಗಿ ಹೋದ್ಲು ಅಂತ ನಾಲ್ಕು ಜನ ಹೊಗಳ್ತಾರೆ."

"ಅತ್ತೇ!" ಅಂತ ನಿರ್ಮಲಾ ಕಿರುಚಿದಳು. ನಮ್ಮ ಅಧ್ಯಕ್ಷ ತೋಂಟದಾರ್ಯ ಎರಡೂ ಕಿವಿ ಮುಚ್ಚಿಕೊಂಡು "ಶಿವ ಶಿವಾ" ಅಂದರು. ಕೊನೆಗೆ ಗೈರುಹಾಜರಿಯೇ ಸರಿ ಅಂತಾಯಿತು.

ಆದರೆ ಮುಂದಿನ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕೂತವರು ಅವರೇ. ನಾನು ಆಕ್ಷೇಪಿಸಿದೆ.

"ಹಾಜರಿಗೆ ಹೆಬ್ಬೆಟ್ಟು ತಾನೇ ಒತ್ತೋದು? ಅದು ಒತ್ತಲ್ಲ. ನಾನು ಬರಬಾರ್ದು ಅಂತ ಎಲ್ಲೈತೆ?" ಅಂದರು.

ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿ, ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಸಭೆಯುದ್ದಕ್ಕೂ ಕೂತರು. ಇನ್ನೊಂದು ಕೈಯಲ್ಲಿ ನಾನು ತಂದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ ಕಣಣ್ಣ, ಅಟ್ಟದ ಮೇಲಿಂದ ಯಾಕೆ ಇಳಿಸ್ದೆ?" ಅಂತ ಬೈದರು. ಬೈಸಿಕೊಂಡ ನಾನು ಹಾಜರು, ಬೈದವರು ಗೈರು ಅಂತ ದಾಖಲಾಯಿತು. ಮುಂದಿನ ಸಭೆಯಲ್ಲೂ ಹಾಗೇ. ಎಲ್ಲರೂ ನಕ್ಕೆವು.

ಮೂರನೆಯ ಸಭೆ ಮುಗಿದಾಗ, ಗೈರಿನ ಕಾರಣ ಸ್ಥಾನ ತೆರವಾಯಿತು ಅಂತ ಫೋನಿಗೆ ಬಂತು. ಹೊಂಬಾಳಮ್ಮ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ತಾವೇ ಓದಿದರು. ಗೆದ್ದ ಮುಖದಲ್ಲೇ ಓದಲು ಶುರು ಮಾಡಿದವರ ದನಿ, ಮುಗಿಸುವಷ್ಟರಲ್ಲಿ ಇಳಿದಿತ್ತು.

"ನಮ್ ಕಂಪ್ನೀಲಿ ನಾನು ಗೈರು ಅಂತ ಯಾವತ್ತೂ ಇರ್ತದಲ್ವಾ, ಬಸವರಾಜಣ್ಣ?"

ಜೋರು ಬಾಯಿಯವನು ನಾನು. ಅವತ್ತು ಫೋನು ಜೇಬಿಗಿಟ್ಟು ಕುರ್ಚಿಗಳನ್ನು ಎತ್ತಿಡತೊಡಗಿದೆ. ನಿರ್ಮಲಾ ಕೇಳಿಸಿಕೊಂಡಳು.

ಮುಂದಿನ ತಿಂಗಳು ಅವಳು ಕುರ್ಚಿಯಲ್ಲಿ ಕೂತಳು. ಹೊಂಬಾಳಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು. ತೇವದ ಕಡಿತ ತೆಗೆಸುವ ಮಾತು ಎತ್ತುತ್ತಾಳೆ ಅಂತ ನಾವು ಸಜ್ಜಾಗಿದ್ದೆವು.

"ಅದು ಎರಡ್ನೇದು ಅಧ್ಯಕ್ಷರೇ" ಅಂದಳು. "ಮೊದಲ್ನೇದು ಇದು. ಹೋದ ಮೂರು ಸಭೇಲೂ ಹೊಂಬಾಳಮ್ಮನೋರು ನಮ್ ಜೊತೆ ಇದ್ರು ಅಂತ ಠರಾವು ಆಗ್ಬೇಕು."

ತೋಂಟದಾರ್ಯ ತಬ್ಬಿಬ್ಬಾದರು. "ಗೈರು ಅಂತ ಇರೋದು ಏನಾಗ್ಬೇಕವ್ವ?"

"ಅದೂ ಇರ್ಲಿ. ಅದನ್ನ ಅಳ್ಸಕ್ಕಾಗಲ್ಲ. ಇದನ್ನೂ ಯಾರೂ ಅಳ್ಸಬಾರ್ದು."

"ಥೂ, ಹುಚ್ಚು ಹುಡುಗಿ! ಕಡಿತದ ವಿಷ್ಯ ಮಾತಾಡೇ" ಅಂತ ಹೊಂಬಾಳಮ್ಮ ಗದರಿದರು. ಗದರುವಾಗಲೇ ಕಣ್ಣು ತುಂಬಿತ್ತು.

ನಾವು ಒಬ್ಬೊಬ್ಬರಾಗಿ ಫೋನಿಗೆ ಹೆಬ್ಬೆಟ್ಟು ಒತ್ತಿದೆವು. ಐದೂ ಒಪ್ಪಿಗೆ ಬಿದ್ದಮೇಲೆ, ಹಳೆಯ ರೂಢಿಯಲ್ಲಿ ಹೊಂಬಾಳಮ್ಮನೂ ತಮ್ಮ ಹೆಬ್ಬೆರಳು ಚಾಚಿದರು. ಫೋನು ಅದನ್ನು ಒಪ್ಪಲಿಲ್ಲ. ನಿರ್ಮಲಾ ಆ ಕೈಯನ್ನು ಹಾಗೇ ಹಿಡಿದುಕೊಂಡಳು. ಕಡಿತದ ವಿಷಯ ಮುಗಿಯುವ ತನಕ ಬಿಡಲಿಲ್ಲ.