ಕತ್ತರಿಸಿಹೋದ ಅಂಚು

ಹೊಳೆಯ ನೆರೆ ನೀರು ಇಳಿದ ಮಾರನೆಯ ಬೆಳಿಗ್ಗೆ ಚರ್ಚಿನ ಸಭೆಯವರು ಸಲಿಕೆ, ಬಕೆಟ್ಟು ಹಿಡಿದು ಅಂಗಡಿಯ ಬಾಗಿಲಿಗೆ ಬಂದಾಗ, ಬುಕ್ ಬೈಂಡರು ಅವರಿಗೆ ಸ್ತೋತ್ರವೆಂದು ಕೈಮುಗಿಯುವುದನ್ನು ಬಿಟ್ಟು ಮೊದಲು ತಲೆ ಎಣಿಸಿದ. ಆರು ಜನ. ಆರನೆಯವಳು ಎದುರು ಬೀದಿಯ ಬೇಕರಿ ಅಕ್ಕ. ಅವಳನ್ನು ಕಂಡದ್ದೇ ತಡ, ಅವನ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು.

ಊರೆಲ್ಲ ಕೆಸರಾಗಿರುವಾಗ ಇವಳಿಗೆ ನನ್ನ ಅಂಗಡಿಯೇ ಯಾಕೆ ಬೇಕಿತ್ತು?

ಯಾಕೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವಳು ತನ್ನ ಅಜ್ಜನ ಕಾಲದ ಸತ್ಯವೇದವನ್ನು, ದಪ್ಪ ಬೈಬಲನ್ನು, ಬೆನ್ನು ಹೊಲಿಸಲು ತಂದುಕೊಟ್ಟಿದ್ದಳು. ಅದರ ಮೊದಲ ಖಾಲಿ ಹಾಳೆಯಲ್ಲಿ ಮನೆತನದ ಹುಟ್ಟು, ಸಾವು, ಮದುವೆಗಳೆಲ್ಲ ಒತ್ತೊತ್ತಾಗಿ ದಾಖಲಾಗಿದ್ದವು. ಹನ್ನೊಂದು ದಿನ ಬದುಕಿದ ತನ್ನ ಮಗಳಿಗೆ ಅಲ್ಲಿ ಜಾಗ ಸಾಲದೆ, ಅವಳು ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಹೆಸರು, ತಾರೀಖು ಬರೆದಿದ್ದಳು. ಬೈಂಡರು ಅದನ್ನು ನೋಡಲಿಲ್ಲ. ಹೊಲಿಗೆ ಮುಗಿಸಿ, ಪುಸ್ತಕವನ್ನು ಪ್ರೆಸ್ಸಿಗೆ ಬಿಗಿದು, ಅಂಚು ಸಮ ಮಾಡಲು ಕತ್ತಿ ಎಳೆದ. ಕೆಳಗೆ ಬಿದ್ದ ಪಟ್ಟಿಗಳ ರಾಶಿಯಲ್ಲಿ ಒಂದರ ಮೇಲೆ ಅಕ್ಷರ ಕಂಡಾಗ ಕತ್ತಿ ಕೆಳಗಿಟ್ಟ.

ಅಂದಿನಿಂದ ಅವಳು ಕೇಳಿದಾಗಲೆಲ್ಲ ದಾರ ಬಂದಿಲ್ಲ, ರಟ್ಟು ಬಂದಿಲ್ಲ, ಕೈ ನೋವು, ನಾಳೆ. ಊರವರು ಅವನಿಗೆ ನಾಳೆಯಪ್ಪ ಎಂದು ಹೆಸರಿಟ್ಟರು. ಭಾನುವಾರ ಅವನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಜಾರಿಕೊಳ್ಳುತ್ತಿದ್ದ.

ತಂಡದ ಮುಂದಾಳು ನಿವೃತ್ತ ಮೇಷ್ಟ್ರು. ಅವರು ಕುರ್ಚಿಯೊಂದನ್ನು ತೊಳೆದು ಹೊಸ್ತಿಲ ಹೊರಗೆ ಹಾಕಿದರು.

"ನೀವಿಲ್ಲಿ ಕೂತ್ಕೊಳ್ಳಿ. ಒಳಗೆ ಸಿಕ್ಕಿದ್ದೆಲ್ಲ ತಂದು ತೋರಿಸ್ತೀವಿ. ಇರಲಿ, ಒಣಗಲಿ, ಹೋಗಲಿ, ಈ ಮೂರರಲ್ಲಿ ಒಂದು ಮಾತು ಹೇಳಿದ್ರೆ ಸಾಕು. ನಿನ್ನೆ ಮೊದಲನೇ ಮನೇಲಿ ನಾವೇ ಬುದ್ಧಿವಂತರಾಗಿ ಏನೋ ಚಿಂದಿ ಅಂತ ಎಸೆದ್ವಿ. ಅದು ಆ ಅಜ್ಜಿ ಮಗನ ತೊಟ್ಟಿಲ ಬಟ್ಟೆ."

ಈ ನಿಯಮ ತನ್ನನ್ನು ಹಿಡಿಯಲೆಂದೇ ಮಾಡಿದ್ದು ಎಂದು ಬೈಂಡರಿಗೆ ಖಾತ್ರಿಯಾಯಿತು. ಮೇಷ್ಟ್ರು ಪ್ರಾರ್ಥನೆಗೆ ತಲೆ ಬಗ್ಗಿಸಿದರು. ಎಲ್ಲರೂ ಕಣ್ಣು ಮುಚ್ಚಿದರು. ಅವನೊಬ್ಬ ಮುಚ್ಚಲಿಲ್ಲ. ನೋಡಿದರೆ, ಬೇಕರಿ ಅಕ್ಕನೂ ಮುಚ್ಚಿರಲಿಲ್ಲ. ಅವಳ ದೃಷ್ಟಿ ಅವನ ಜೇಬಿನ ಮೇಲಿತ್ತು.

ಕೆಲಸ ಶುರುವಾಯಿತು. ಸೂಜಿಯ ಡಬ್ಬಿ ಬಂತು. ಇರಲಿ. ರಟ್ಟಿನ ಕಟ್ಟು ಬಂತು, ಅಂಬಲಿಯಂತಾಗಿತ್ತು. ಹೋಗಲಿ. ಅವನ ಕಿವಿಯೆಲ್ಲ ಒಳಗಿತ್ತು. ಪ್ರೆಸ್ಸಿನ ಕೆಳಗಿನ ಡ್ರಾಯರು ಕಿರುಗುಟ್ಟಿತೇ? ಅಕ್ಕನ ಪುಸ್ತಕ ಯಾರ ಕಣ್ಣಿಗೂ ಬೀಳದಿರಲೆಂದು ಅವನು ಅದನ್ನು ಅಲ್ಲಿ ಬಚ್ಚಿಟ್ಟಿದ್ದ. ಮೇಲಿನ ಕಪಾಟಿನಲ್ಲಿ ಇಟ್ಟಿದ್ದರೆ ಹನಿ ನೀರೂ ತಾಕುತ್ತಿರಲಿಲ್ಲ.

ಇನ್ನೊಂದು ಯೋಚನೆಯೂ ಬಂತು. ನೀರಲ್ಲಿ ಹೋಯಿತು ಎಂದರೆ ಮುಗಿಯಿತಲ್ಲ. ಯಾರು ಕೇಳುತ್ತಾರೆ? ದೇವರು ತನ್ನ ಸುಳ್ಳು ತೊಳೆಯಲೆಂದೇ ಹೊಳೆಯನ್ನು ಕಳಿಸಿದನೇ ಎನ್ನುವಷ್ಟು ದೂರ ಹೋದ ಮನಸ್ಸಿಗೆ ಅವನೇ ನಾಚಿದ.

"ಯಾಕೆ ನಾಳೆಯಪ್ಪ, ಬೆವರ್ತಿದ್ದೀರಿ?" ಬಕೆಟ್ಟು ಹೊತ್ತು ಹೊರಬಂದ ಬೇಕರಿ ಅಕ್ಕ ಕೇಳಿದಳು. "ಕೂತ್ಕೊಂಡೇ ಇಷ್ಟು ಸುಸ್ತಾ?"

"ಬಿಸಿಲು, ಅಕ್ಕ."

"ನೆರಳಲ್ಲಿ ಕೂತಿದ್ದೀರಿ."

ಅವಳು ಮತ್ತೆ ಒಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ಬಂದಾಗ ಎರಡೂ ಕೈಯಲ್ಲಿ ಇಟ್ಟಿಗೆಯಂಥ ಕೆಸರಿನ ಗಡ್ಡೆ. ಹೊದಿಕೆ ಕಳಚಿತ್ತು, ಪುಟಗಳು ಉಬ್ಬಿ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಅದು ಏನೆಂದು ಅವನ ಹೊರತು ಜಗತ್ತಿನಲ್ಲಿ ಯಾರೂ ಹೇಳಲಾರರು.

"ಡ್ರಾಯರಲ್ಲಿತ್ತು," ಎಂದಳು. "ಯಾವುದೋ ರಿಜಿಸ್ಟರ್ ಇರ್ಬೇಕು. ಇರಲಿಯಾ, ಒಣಗಲಿಯಾ, ಹೋಗಲಿಯಾ?"

ಬೈಂಡರು ಅವಳ ಮುಖ ನೋಡಿದ. ಗೊತ್ತಿದ್ದೇ ಕೇಳುತ್ತಿದ್ದಾಳೋ, ಗೊತ್ತಿಲ್ಲದೆಯೋ? ಆ ಮುಖದಲ್ಲಿ ಕೆಸರಿನ ಚುಕ್ಕೆಗಳಿದ್ದವು, ಬೇರೇನೂ ಸಿಗಲಿಲ್ಲ. ಬೀದಿಯ ಮೂಲೆಯಲ್ಲಿ ಕಸದ ಗಾಡಿ ನಿಂತಿತ್ತು. ಒಂದು ಮಾತು ಸಾಕಿತ್ತು, ಅದು ನಾಲಿಗೆಯ ತುದಿಗೆ ಬಂದೂ ಇತ್ತು.

"ಒಣಗಲಿ," ಎಂದ. ಆಮೇಲೆ, "ಅಕ್ಕ, ಅದು ನಿಮ್ದೇ."

ಅವಳು ಬಕೆಟ್ಟನ್ನು ಬೋರಲು ಹಾಕಿ ಕೂತಳು. ಅವನು ಜೇಬಿನಿಂದ ಪ್ರಾರ್ಥನೆ ಪುಸ್ತಕ ತೆಗೆದು, ಅದರೊಳಗಿನ ಬೆರಳಗಲದ ಕಾಗದದ ಪಟ್ಟಿಯನ್ನು ಅವಳ ಮುಂದೆ ಹಿಡಿದ. ಅದರಲ್ಲಿ ಒಂದು ಹೆಸರು, ಎರಡು ತಾರೀಖು, ಅವಳದೇ ಕೈಬರಹ.

"ನಾನೇ ಕತ್ತರಿಸಿದ್ದು. ನೋಡ್ಲಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ."

ಒಳಗೆ ಸಲಿಕೆಗಳ ಸದ್ದು ನಡೆದೇ ಇತ್ತು.

"ನೀರು ಬಂದಾಗ ಇದು ಎಲ್ಲಿತ್ತು?" ಅವಳು ಕೇಳಿದಳು.

"ಜೇಬಲ್ಲೇ. ಬೇರೇನೂ ತಗೊಳ್ಳಲಿಲ್ಲ."

"ನೀವು ಜೇಬು ಹಿಡ್ಕೊಂಡೇ ಇದ್ದದ್ದು ನೋಡಿ, ಅದರಲ್ಲಿ ಬಂಗಾರ ಇದೆ ಅಂತ ಮೇಷ್ಟ್ರು ಅಂದ್ರು. ಬಂಗಾರ ಎಲ್ಲಿ ಬಂತು, ಹಲ್ಲಿನ ಸೆಟ್ ಇರ್ಬೇಕು ಅಂದೆ ನಾನು." ಅವಳು ನಗಲಿಲ್ಲ.

"ಪುಸ್ತಕಾನ ಹೊಳೆ ತಗೊಂಡು ಹೋಯ್ತು ಅಂತ ಹೇಳೋಣ ಅನ್ಕೊಂಡಿದ್ದೆ."

"ಹೇಳಿದ್ರೂ ನಾನು ನಂಬ್ತಿರ್ಲಿಲ್ಲ. ನಿಮ್ಮ ಮಾತು ನಂಬೋದು ಬಿಟ್ಟು ಎರಡು ವರ್ಷ ಆಯ್ತು." ಪಟ್ಟಿಯತ್ತ ಕೈ ಚಾಚಿದಳು. ಬೆರಳ ತುಂಬ ಕೆಸರು. ಕೈ ಹಿಂದಕ್ಕೆ ತೆಗೆದುಕೊಂಡಳು. "ಅಲ್ಲೇ ಇಡಿ ಸದ್ಯಕ್ಕೆ. ಇದನ್ನ ಅಂಟಿಸೋಕಾಗುತ್ತಾ?"

"ಆಗುತ್ತೆ. ಅಂಟಿನ ಡಬ್ಬಿ ಹೋಯ್ತು. ಮೈದಾ ಇದ್ರೆ ಕುದಿಸ್ಬಹುದು."

"ನಮ್ಮ ಮಹಡಿ ಮೇಲೆ ಒಂದು ಮೂಟೆ ಉಳಿದಿದೆ. ತರ್ತೀನಿ. ಅಂಟೋ ತನಕ ನಿಮ್ಮೆದುರೇ ಕೂತಿರ್ತೀನಿ."

"ಪುಟ ಒಣಗ್ಬೇಕಲ್ಲ ಅಕ್ಕ. ಇವತ್ತಾಗಲ್ಲ. ನಾಳೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಸರಿ. ನಾಳೆನೂ ಬರ್ತೀನಿ. ನಾಡಿದ್ದೂ ಬರ್ತೀನಿ."

ಸಂಜೆಗೆ ಮುಂಚೆ ಮೇಷ್ಟ್ರು ಮತ್ತೆ ಪ್ರಾರ್ಥನೆಗೆ ಕರೆದರು. ಬಿಡಿಸಿದ ಪುಟಗಳು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು. ಬೈಂಡರು ಈ ಸಲ ಕಣ್ಣು ಮುಚ್ಚಿದ. ಬೇಕರಿ ಅಕ್ಕ ಮುಚ್ಚಿದಳೋ ಇಲ್ಲವೋ, ಅವನು ನೋಡಲಿಲ್ಲ.